ಕೌದಿ ಬಿಚ್ಚಿದ ಮನೆ

ಬಸಲಿಂಗಪ್ಪನ ಮನೆಯಲ್ಲಿ ಕೌದಿಗಳು ಕಾಣೆಯಾಗತೊಡಗಿದ್ದು ಎಂಬತ್ನಾಲ್ಕರ ಶ್ರಾವಣ ಮುಗಿಯುವ ಹೊತ್ತಿಗೆ. ಆ ದಿನಗಳಲ್ಲಿ ಬೆಳಗಾವಿಯ ಮಳೆ ಸುರಿಯುವುದಿಲ್ಲ, ತೇಲುತ್ತದೆ. ಟಿಳಕವಾಡಿಯ ಹೆಂಚುಗಳ ಮೇಲೆ, ರೈಲ್ವೆ ಗೇಟಿನ ಮೇಲೆ, ಸೈಕಲ್ ತುಳಿಯುವವರ ರೆಪ್ಪೆಗಳ ಮೇಲೆ ನೂಲಿನ ಹಾಗೆ ಇಳಿದು ಕೂರುತ್ತದೆ. ಅಂಥ ಥಂಡಿಯಲ್ಲಿ ಮೊದಲು ಹೋದದ್ದು ಬೀಗರಿಗೆಂದು ಎತ್ತಿಟ್ಟಿದ್ದ ಕೌದಿ. ಅದನ್ನು ಯಾರೂ ಗಮನಿಸಲಿಲ್ಲ. ಆಮೇಲೆ ಹೋದದ್ದು ಮಗ ಈರಣ್ಣನದು.

“ನನ್ನ ಕೌದಿ ಎಲ್ಲೈತಿ?” ಬೆಳಿಗ್ಗೆ ಚಹಾ ಕುಡಿಯುತ್ತ ಈರಣ್ಣ ಕೇಳಿದ.

“ಒಗ್ಯಾಕ ಹಾಕೇನ್ರಿ,” ಅಂದಳು ಹೆಂಡತಿ ಸಾತವ್ವ.

“ಈ ಮಳ್ಯಾಗ?”

“ಹೊಲಸಾಗಿತ್ತು. ಮಳಿ ಐತಂತ ಹೊಲಸಿನ್ಯಾಗ ಮಲಗತೀರೇನು?”

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅತ್ತೆ ಚಂದ್ರವ್ವ ತಲೆ ಎತ್ತಲಿಲ್ಲ. ಬಡಿಯುವ ಸದ್ದು ಮಾತ್ರ ಒಂದಿಷ್ಟು ಜೋರಾಯಿತು. ಪಡಸಾಲೆಯಲ್ಲಿ ಕುಳಿತಿದ್ದ ಮುದುಕಿ ಬಸವಣ್ಣೆವ್ವ, ಬಸಲಿಂಗಪ್ಪನ ತಾಯಿ, “ಏನ ಒಗದ್ಯಂತ?” ಎಂದು ಕೂಗಿದಳು. ಅವಳ ಕಿವಿ ಮಂದ, ಆದರೆ ಬೇಕಾದ ಮಾತು ಬೇಕಾದಾಗ ಕೇಳುತ್ತಿತ್ತು.

ಆ ಮನೆಯಲ್ಲಿ ಹತ್ತಿ ಬಟ್ಟೆ ಅಂತ ಉಳಿದಿದ್ದರೆ ಅದು ಕೌದಿಗಳಲ್ಲಿ ಮಾತ್ರ. ಬಸಲಿಂಗಪ್ಪನದು ಖಡೇಬಜಾರಿನಲ್ಲಿ ಸೀರೆ ಅಂಗಡಿ. ಹತ್ತಿ ಸೀರೆ ಮಾರುವುದನ್ನು ಬಿಟ್ಟು ನೈಲಾನಿಗೆ ಇಳಿದ ಮೇಲೆ ಅವನ ಮುಖಕ್ಕೇ ಬೇರೆ ಹೊಳಪು ಬಂದಿತ್ತು. ಅಂಗಡಿಯ ಮಾಲನ್ನು ಮನೆಯವರು ಉಟ್ಟು ತೋರಿಸಬೇಕು ಎಂದು ಹೆಂಡತಿಗೆ ನೈಲಾನು, ಸೊಸೆಗೆ ನೈಲಾನು, ಮಗನಿಗೆ ಟೆರಿಕಾಟ್ ಶರ್ಟು. ಹಾಸಿಗೆಯ ಚಾದರ ಕೂಡ ಜಾರುವಂಥದ್ದು. ಹಳೆಯ ಸೀರೆಗಳು, ಧೋತರಗಳು ಪದರ ಪದರವಾಗಿ ಕೌದಿಗಳ ಹೊಟ್ಟೆಯಲ್ಲಿ ಮಲಗಿದ್ದವು. ತೀರಿಹೋದ ಅತ್ತೆಯರು, ಅಕ್ಕಂದಿರು, ಹೆಸರು ಕೂಡ ಯಾರಿಗೂ ನೆನಪಿಲ್ಲದ ಹೆಂಗಸರು ಉಟ್ಟ ಸೀರೆಗಳು.

ಆಷಾಢದಲ್ಲಿ ಖಾನಾಪುರಕ್ಕೆ ನಿರಾಶ್ರಿತರು ಬಂದಿದ್ದರು. ಲಂಕೆಯ ಚಹಾ ತೋಟದಲ್ಲಿ ಎಲೆ ಕೀಳುತ್ತಿದ್ದ ತಮಿಳರು. ಗಲಭೆಯಲ್ಲಿ ಅವರ ಮನೆಗಳು ಸುಟ್ಟಿದ್ದವು. ಹಡಗು, ರೈಲು, ಮತ್ತೊಂದು ರೈಲು ಹತ್ತಿ ಬಂದಿದ್ದರು. ಲೋಂಡಾ ಕಾಡಿನಲ್ಲಿ ಗಿಡ ನೆಡುವ ಕೆಲಸ ಕೊಡುತ್ತೇವೆ ಎಂದು ಕರೆತಂದವರು, ಕೆಲಸ ಶುರುವಾಗುವ ತನಕ ಇರಲಿ ಎಂದು ಮುಚ್ಚಿಹೋಗಿದ್ದ ಒಂದು ಹೆಂಚಿನ ಕಾರ್ಖಾನೆಯ ಶೆಡ್ಡುಗಳಲ್ಲಿ ಅವರನ್ನು ಇಳಿಸಿದ್ದರು. ಇಳಿಸಿದ್ದು ಅಂದರೆ ಸಾಮಾನು ಇಳಿಸಿದ ಹಾಗೆ.

ವ್ಯಾಪಾರಿಗಳ ಸಂಘದಲ್ಲಿ ಬಸಲಿಂಗಪ್ಪ ಎದ್ದು ನಿಂತು, “ನನ್ನ ಕಡಿಂದ ಒಂದ ಟೆಂಪೊ ಸೀರಿ,” ಅಂದ. ಚಪ್ಪಾಳೆ ಬಿತ್ತು. ಅಟ್ಟದ ಮೇಲೆ ಮಾರಾಟವಾಗದೆ ಬಿದ್ದಿದ್ದ ಹಳದಿ ನೆಲಕ್ಕೆ ಕೆಂಪು ಹೂವಿನ ನೈಲಾನು ಸೀರೆಗಳು ಕೆಳಗಿಳಿದವು. ದಾನ ಅಂದರೆ ಅದೇ ತಾನೆ, ಹೋಗದ ಮಾಲು. ಆದರೆ ಅವನಿಗೆ ಹಾಗೆ ಅನ್ನಿಸಲಿಲ್ಲ. ಅವನು ಖರೇನೇ ನಂಬಿದ್ದ.

“ಹತ್ತಿ ಸೀರಿ ವರ್ಷಕ್ಕ ಹರೀತೈತಿ,” ಅಂದಿದ್ದ ಮಗನಿಗೆ. “ಇದು ಹತ್ತ ವರ್ಷ ಹೊಡದ್ರೂ ಹರಿಯೂದಿಲ್ಲ. ನೀರಾಗ ಅದ್ದಿ ಝಾಡಿಸಿದ್ರ ಒಣಗತೈತಿ. ಬಡವರಿಗೆ ಬಾಳಿಕಿ ಬರೂದು ಕೊಡಬೇಕೋ ಈರ್ಯಾ.”

ಟೆಂಪೊಗೆ ಹಾರ ಹಾಕಿದರು, ಬಟ್ಟೆಯ ಫಲಕ ಕಟ್ಟಿದರು, ಫೋಟೊ ಹೊಡೆಸಿದರು. ಪೇಪರಿನಲ್ಲಿ ಬಂದ ಆ ಫೋಟೊ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಕಟ್ಟು ಹಾಕಿಸಿಕೊಂಡು ಕುಳಿತಿತು.

ಸಾತವ್ವನ ತವರು ಖಾನಾಪುರ. ಟೆಂಪೊದ ಜೊತೆ ಹೋಗಿ ಎರಡು ದಿನ ಇದ್ದು ಬರುತ್ತೇನೆ ಎಂದು ಹೋಗಿದ್ದಳು. ಅವಳ ಚಿಗವ್ವ ಕಾಶವ್ವ ಶೆಡ್ಡಿನಲ್ಲಿ ಗಂಜಿ ಬೇಯಿಸುವ ಕೆಲಸ ಹಿಡಿದಿದ್ದಳು. ಲೋಂಡಾದ ರೈಲ್ವೆ ಚಾಳಿನಲ್ಲಿ ತಮಿಳು ನೆರೆಹೊರೆಯ ಜೊತೆ ಅರ್ಧ ಆಯುಷ್ಯ ಕಳೆದವಳಾದ್ದರಿಂದ ಅವಳಿಗೆ ಬಯ್ಯುವಷ್ಟು, ಸಮಾಧಾನ ಹೇಳುವಷ್ಟು ತಮಿಳು ಬರುತ್ತಿತ್ತು. ಹಂಚಿಕೆಯಾದ ಮರುದಿನ ಸಾತವ್ವ ಶೆಡ್ಡಿಗೆ ಕಾಲಿಟ್ಟಾಗ ಕನಸಿನೊಳಗೆ ಹೋದ ಹಾಗಾಯಿತು. ಹೆಂಚು ಒಣಗಿಸುವ ಮರದ ಗೂಡುಗಳ ಸಾಲು ಕತ್ತಲೆಯವರೆಗೆ ಹೋಗಿತ್ತು. ಗೂಡುಗಳ ಸಂದಿನಲ್ಲೆಲ್ಲ ಒಂದೇ ಹಳದಿ, ಒಂದೇ ಕೆಂಪು ಹೂವು. ಇಡೀ ಶೆಡ್ಡು ಹೂದೋಟವಾಗಿತ್ತು. ಗಂಜಿಯ ಗಂಟೆ ಬಾರಿಸಿದಾಗ ಆ ಹೂವುಗಳಲ್ಲಿ ಕೆಲವು ಎದ್ದವು, ಕೆಲವು ಏಳಲಿಲ್ಲ.

“ಅವರ್ಯಾಕ ಏಳವಲ್ಲರು ಚಿಗವ್ವಾ?”

“ಹೆಂಗ ಏಳಬೇಕು? ಮುಟ್ಟಾಗ್ಯಾರ. ಎದ್ರ ನೆಲ ಹೇಳತೈತಿ.”

“ಬಟ್ಟಿ ಇಲ್ಲೇನು?”

“ಓಡಿ ಬರೂವಾಗ ಮೈಮ್ಯಾಲಿಂದೊಂದು ಇತ್ತು. ಅದನ್ನ ಹರದು ಹರದು ಮುಗಸ್ಯಾರ. ಈಗ ನಿಮ್ಮ ಮಾವ ಕೊಟ್ಟ ಹೂವಿನ ತ್ವಾಟ ಐತಿ ನೋಡು.”

ಪಕ್ಕದಲ್ಲಿ ಕುಳಿತಿದ್ದ ಸೆಲ್ಲಾಯಿ ಎಂಬ ಹೆಂಗಸಿಗೆ ಕನ್ನಡ ತಿಳಿಯದಿದ್ದರೂ ಮಾತು ಯಾವುದರದು ಎಂದು ತಿಳಿಯಿತು. ಐವತ್ತರ ಆಸುಪಾಸು, ಎಲೆ ಕಿತ್ತು ಕಿತ್ತು ಬೆರಳ ತುದಿ ಕಪ್ಪಾಗಿದ್ದವಳು. ಅವಳು ತನ್ನ ಹೊಸ ಸೀರೆಯ ಸೆರಗನ್ನು ಅಂಗೈ ಮೇಲೆ ಹರಡಿ, ಚೊಂಬಿನ ನೀರು ಹೊಯ್ದಳು. ನೀರು ಹೂವಿನ ಮೇಲೆ ಮಣಿಮಣಿಯಾಗಿ ಉರುಳಿ ಕೆಂಪು ಮಣ್ಣಿಗೆ ಜಾರಿತು. ಸೆರಗು ಒಣಗಿಯೇ ಇತ್ತು. ಸುತ್ತಲಿನ ಹೆಂಗಸರು ಒಮ್ಮೆಲೇ ನಕ್ಕರು. ಸಾತವ್ವನೂ ನಕ್ಕಳು, ನಕ್ಕು ತನ್ನ ಸೆರಗಿನ ಕಡೆ ನೋಡಿಕೊಂಡಳು. ಅವಳು ಉಟ್ಟಿದ್ದೂ ಅದೇ ನೈಲಾನು.

“ಯಾರೋ ದೊಡ್ಡ ಸಂಸ್ಥಾದವರು ಒಂದ ಕಟ್ಟಿಗಿ ಖೋಕಾ ಕಳಿಸಿದ್ರು,” ಎಂದಳು ಕಾಶವ್ವ. “ಪಟ್ಟಿ ಹಚ್ಚಿ ಕಟ್ಟಿಕೊಳ್ಳೂವಂಥಾವು, ಸಣ್ಣ ಸಣ್ಣ ಗಾದಿ ಹಂಗ. ಇಲ್ಲಿಯ ಕಾರಕೂನ ಅವು ಏನಂತ ತಿಳೀಲಾರದ ದವಾಖಾನಿ ಸಾಮಾನಂತ ಕೀಲಿ ಹಾಕಿಟ್ಟ. ಮೊನ್ನೆ ಒಂದ ಹುಡುಗನ ತಲಿ ಒಡೀತು, ಅದಕ್ಕ ಕಟ್ಟಿದ.”

“ಹೇಳಬೇಕಿಲ್ಲ ಅಂವಗ?”

“ನೀ ಹೇಳತೀ ಏನು? ಇಲ್ಲಿ ಬರೂವ್ರೆಲ್ಲಾ ಮೀಸಿ ಇದ್ದವರು. ಅಕ್ಕಿ ಬೇಕೇನು ಅಂತಾರ, ಹೂಂ ಅಂತಾವ. ಮತ್ತೇನ ಬೇಕು ಅಂತಾರ, ಏನೂ ಬ್ಯಾಡ ಅಂತಾವ. ಬರಿಕೊಂಡು ಹೋಗತಾರ.”

ಕೊನೆಯ ಗೂಡಿನ ಹಿಂದೆ ಸೆಲ್ಲಾಯಿಯ ಸೊಸೆ ವಳ್ಳಿ ಮಲಗಿದ್ದಳು. ಸಾತವ್ವನಷ್ಟೇ ವಯಸ್ಸು. ಗೋಣಿಚೀಲ ಸೀಳಿ ಕಟ್ಟಿಕೊಂಡಿದ್ದಕ್ಕೆ ಚರ್ಮ ಸುಲಿದು, ಹುಣ್ಣಾಗಿ, ಜ್ವರ ಏರಿತ್ತು. ವಾರಕ್ಕೊಮ್ಮೆ ಬರುವ ಡಾಕ್ಟರು ಎಲ್ಲಿ ನೋವು ಎಂದು ಕೇಳಿದಾಗ ತಲೆ ಮುಟ್ಟಿ ತೋರಿಸಿದ್ದಳಂತೆ. ಅವರು ತಲೆನೋವಿನ ಗುಳಿಗೆ ಕೊಟ್ಟು ಹೋಗಿದ್ದರು.

ಸಾತವ್ವ ವಳ್ಳಿಯ ಕೈ ಹಿಡಿದು ಕುಳಿತಳು. ಕೈ ಸುಡುತ್ತಿತ್ತು. ಮರುದಿನ ಪ್ಯಾಸೆಂಜರ್ ಗಾಡಿ ದೇಸೂರು ದಾಟುವಾಗ ಕಿಟಕಿಯ ಹೊರಗೆ ಗದ್ದೆಗಳು ಮಂಜಿನಲ್ಲಿ ಕರಗುತ್ತಿದ್ದವು. ಇವರಿಗೆಲ್ಲ ಮೆತ್ತನ್ನ ಹತ್ತಿ ಬಟ್ಟೆ ಬೇಕು, ಬಹಳ ಬೇಕು, ಬೇಗ ಬೇಕು. ಅಷ್ಟೇ ಅವಳ ತಲೆಯಲ್ಲಿ ಇದ್ದದ್ದು.

ಮನೆಯಲ್ಲಿ ಗಂಡಸರು ಅಂಗಡಿಗೆ ಹೋದ ಮೇಲೆ ಅವಳು ಅತ್ತೆಗೆ ಹೇಳಿದಳು. ಮಡಕಿ ಕಾಳು ಆರಿಸುತ್ತಿದ್ದ ಚಂದ್ರವ್ವ ಮೊರವನ್ನು ಬದಿಗಿಟ್ಟಳು.

“ನಿಮ್ಮ ಮಾವಗ ಹೇಳೂದು ಹೆಂಗ?” ಅಂದಳು. “ನಾ ಇಲ್ಲಿಗೆ ಬಂದು ಮೂವತ್ತ ವರ್ಷಾತು. ಒಂದ ದಿನಾ ಆ ಮಾತು ಅವರ ಮುಂದ ಆಡಿಲ್ಲ. ನನ್ನ ಬಟ್ಟಿ ಈ ಮನ್ಯಾಗ ಬಿಸಲ ನೋಡಿಲ್ಲ.”

“ಅಂಗಡ್ಯಾಗ ಹತ್ತಿ ತರಸರಿ ಅಂದ್ರ?”

“ಯಾಕಂತಾರ. ಕೊಟ್ಟದ್ದರಾಗ ಏನ ಕಡಿಮಿ ಐತಿ ಅಂತಾರ. ಫೋಟೊ ತೋರಸ್ತಾರ.”

ಹಾಗಂದವಳು ಎದ್ದು, ಸ್ಟೂಲಿನ ಮೇಲೆ ಹತ್ತಿ, ಬೀಗರ ಕೌದಿಯನ್ನು ಕೆಳಗೆಳೆದಳು. ಕತ್ತರಿ ತಂದು ಸೊಸೆಯ ಕೈಗೆ ಕೊಟ್ಟಳು.

ಕೌದಿ ಹೊಲಿಯುವುದನ್ನು ಎಲ್ಲರೂ ನೋಡಿರುತ್ತಾರೆ, ಬಿಚ್ಚುವುದನ್ನು ಯಾರೂ ನೋಡಿರುವುದಿಲ್ಲ. ಹೊಲಿಗೆ ಒಂದೊಂದಾಗಿ ಕತ್ತರಿಸಿ ನೂಲು ಎಳೆದರೆ ಮೇಲಿನ ಬಣ್ಣದ ತುಂಡುಗಳು ಎಲೆಯ ಹಾಗೆ ಉದುರುತ್ತವೆ. ಒಳಗೆ ಸೀರೆಯ ಒಂದು ಪದರ, ಅದರೊಳಗೆ ಇನ್ನೊಂದು, ಅದರ ಕೆಳಗೆ ಧೋತರ. ತೊಳೆದು ತೊಳೆದು ಮೋಡದಷ್ಟು ಮೆತ್ತಗಾದವು. ಮಧ್ಯಾಹ್ನದ ಮಬ್ಬು ಬೆಳಕಿನಲ್ಲಿ ಹಿಂದಿನ ಕೋಣೆಯ ತುಂಬ ಮಸುಕಾದ ದಡಿಗಳು ಹರಡಿಕೊಂಡವು. ಒಂದರಲ್ಲಿ ಅರಿಶಿಣದ ಕಲೆ, ಒಂದರಲ್ಲಿ ಮಗು ಹಲ್ಲಿನಿಂದ ಎಳೆದ ಗುರುತು. ಮೂಲೆ ಬಿಚ್ಚಿದಾಗ ನಾಲ್ಕು ಜೋಳದ ಕಾಳು ನೆಲಕ್ಕೆ ಬಿದ್ದವು. ಕೌದಿಗೆ ಹಸಿವಾಗಬಾರದು ಎಂದು ಕೊನೆಯ ಮೂಲೆ ಮುಚ್ಚುವ ಮೊದಲು ಬಸವಣ್ಣೆವ್ವ ಕಾಳು ಹಾಕುತ್ತಿದ್ದಳು.

“ಈಕಿ ಯಾರ ಅತ್ತೀ, ಈ ಗುಲಗಂಜಿ ದಡಿ?”

“ನಮ್ಮತ್ತಿಯ ನೆಗೆಣ್ಣಿ ಇರಬೇಕು. ಕಟ್ಟಿಗಿಗೆ ಹೋದಾಕಿ ಹಾವ ಕಡದು ಸತ್ಲಂತ. ಇದು ಎರಡ ಪದರ ಮಡಚಿ ಕತ್ತರಸು, ಅಗಲ ಬರಲಿ.”

ಹೀಗೆ ದಿನಗಳು ಹೋದವು. ಅಡುಗೆ ಮುಗಿಸಿ, ಪಾತ್ರೆ ತಿಕ್ಕಿ, ಮುದುಕಿಗೆ ಮಜ್ಜಿಗೆ ಕೊಟ್ಟು, ಅತ್ತೆ ಸೊಸೆ ಕದ ಮುಂದೆ ಮಾಡಿಕೊಂಡು ಸತ್ತವರ ಸೀರೆಗಳ ನಡುವೆ ಕುಳಿತಿರುತ್ತಿದ್ದರು. ತುಂಡುಗಳನ್ನು ಗಂಟು ಕಟ್ಟಿ, ತವರಿನಿಂದ ಬಂದವರ ಕೈಯಲ್ಲೋ, ಸಾತವ್ವ ತಾನೇ ಹೋಗಿಯೋ ಶೆಡ್ಡಿಗೆ ಮುಟ್ಟಿಸುತ್ತಿದ್ದರು. ಒಂದು ಕೌದಿ ಅಲ್ಲಿ ಏನೂ ಅಲ್ಲ. ಎರಡೂ ಏನೂ ಅಲ್ಲ.

ಒಂದು ಮಧ್ಯಾಹ್ನ ಕದ ಸರಿಯಿತು. ಬಸವಣ್ಣೆವ್ವ ಗೋಡೆ ಹಿಡಿದು ನಿಂತಿದ್ದಳು.

“ಕೌದಿ ಹೊಟ್ಟಿ ಸೀಳಾಕತ್ತೀರೇನ?”

ಚಂದ್ರವ್ವ ಕತ್ತರಿಯನ್ನು ಸೆರಗಿನಡಿ ಸೇರಿಸಿದಳು. ಸಾತವ್ವ ಇದ್ದದ್ದನ್ನು ಇದ್ದಂತೆ ಮುದುಕಿಯ ಕಿವಿಯ ಹತ್ತಿರ ಹೇಳಿದಳು.

“ನಮ್ಮವರು ಉಟ್ಟ ಸೀರಿ,” ಅಂದಳು ಬಸವಣ್ಣೆವ್ವ, “ಗುರ್ತಿಲ್ಲದ ಹೆಂಗಸರು ಅದಕ್ಕ ಕಟ್ಟಿಕೋಬೇಕು?”

“ಆಯಿ, ನಮ್ಮ ಮನ್ಯಾಗ ಅದಕ್ಕ ಮೈಲಿಗಿ ಇಲ್ಲಂತ ನೀವ ಹೇಳತೀರಿ. ಆ ದಿನಾನೂ ನನ್ನ ಕೈಲೆ ಅಡಗಿ ಮಾಡಸ್ತೀರಿ, ಲಿಂಗಪೂಜಿ ಮಾಡಸ್ತೀರಿ.”

“ನಮಗಿಲ್ಲ. ಅವರಿಗೆ ಲಿಂಗ ಐತೇನು?”

“ಲಿಂಗ ಇಲ್ಲ. ಹುಣ್ಣ ಐತಿ.”

ಮುದುಕಿ ಬಹಳ ಹೊತ್ತು ನೆಲದ ಮೇಲಿನ ದಡಿಗಳನ್ನು ನೋಡಿದಳು. ಕಂಡವೋ ಇಲ್ಲವೋ. “ಮಗಗ ಹೇಳೂದಿಲ್ಲ,” ಅಂದಳು. “ಆದ್ರ ನನ್ನ ಕೌದಿ ಮುಟ್ಟಿದ್ರ ನೋಡ್ರಿ ಮತ್ತ!”

ಈರಣ್ಣನಿಗೆ ಗೊತ್ತಾದದ್ದು ರೈಲಿನಲ್ಲಿ. ತವರಿಗೆ ಹೊರಟ ಹೆಂಡತಿಯ ಗಂಟು ಹೊತ್ತು ಬಂದವನು, ಇಷ್ಟು ಹಗುರ ಯಾಕೆ ಎಂದು ಬಿಚ್ಚಿದ. ಅವನ ಕೌದಿಯ ನೀಲಿ ಅಂಚು ಗುರುತು ಸಿಕ್ಕಿತು.

ಈರಣ್ಣ ಎಂಟನೆಯ ಇಯತ್ತೆಗೆ ಸಾಲಿ ಬಿಟ್ಟವನು. ಮಾಸ್ತರನಿಗೆ ಎದುರು ಮಾತಾಡಿ ಬಿಟ್ಟದ್ದು. ಅಂಗಡಿಯಲ್ಲಿ ಗಿರಾಕಿಗೆ, ಗೇಟಿನಲ್ಲಿ ರೈಲ್ವೆಯವರಿಗೆ, ಮನೆಯಲ್ಲಿ ಅಪ್ಪನಿಗೆ, ಹೀಗೆ ದಿನಕ್ಕೊಮ್ಮೆ ಯಾರಿಗಾದರೂ ಒದರದಿದ್ದರೆ ಅವನಿಗೆ ಉಂಡದ್ದು ಕರಗುತ್ತಿರಲಿಲ್ಲ. ಸಾತವ್ವ ಎಲ್ಲ ಹೇಳುವ ತನಕ ಅವನ ಮುಖ ಕೆಂಪಗೆ, ಆಮೇಲೆ ಬೆಳ್ಳಗೆ ಆಯಿತು.

“ನನಗ್ಯಾಕ ಹೇಳಲಿಲ್ಲ?”

“ಹೆಂಗ ಹೇಳಲಿ?”

“ನಾನೂ ಟೆಂಪೊದಾಗ ಕುಂತು ಹೋಗಿದ್ದೆ! ಜೈಕಾರ ಹಾಕಿದ್ದೆ! ಇವತ್ತ ಅಂಗಡಿ ಮುಂದ ನಿಂತು ಆ ಫೋಟೊ ಒಡದ ಹಾಕತೀನಿ. ಖಡೇಬಜಾರ್ ತುಂಬ ಕೇಳೂಹಂಗ ಹೇಳತೀನಿ.”

“ನೀವು ಒದರಿದ್ರ ಆ ಸಿಟ್ಟು ನಿಮ್ಮದಾಕ್ಕೈತಿ,” ಅಂದಳು ಸಾತವ್ವ. “ಊರೆಲ್ಲಾ ನಿಮ್ಮ ಜಗಳ ನೋಡತಾರ. ಬಟ್ಟಿ ಯಾರೂ ಕೊಡೂದಿಲ್ಲ. ಸುಮ್ಮನ ಕುಂದರ್ರಿ.”

ಅವನು ಕುಳಿತ. ಹಲ್ಲು ಕಚ್ಚಿಕೊಂಡು, ಸತ್ತ ಹೆಂಗಸರ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಖಾನಾಪುರ ಮುಟ್ಟಿದಾಗ, ಅವತ್ತು ವಳ್ಳಿ ಎದ್ದು ಗೋಡೆಗೆ ಒರಗಿ ಗಂಜಿ ಕುಡಿದಳು ಎಂಬ ಸುದ್ದಿಯನ್ನು ಕಾಶವ್ವ ಹೇಳಿದಳು. ಚಂದ್ರವ್ವನ ಅಕ್ಕನ ಮಗಳು ದವಾಖಾನೆಯಲ್ಲಿ ನರ್ಸು, ಅವಳು ಕೊಟ್ಟ ಮುಲಾಮು ಮತ್ತು ಎರಡು ಧೋತರದ ತುಂಡು, ಅಷ್ಟಕ್ಕೇ ಜ್ವರ ಇಳಿದಿತ್ತು. ಉಳಿದವರು ಇನ್ನೂ ಗೂಡಿನ ಹಿಂದೆಯೇ ಕುಳಿತಿದ್ದರು.

ಮಹಾನವಮಿಯ ಮುಂಚಿನ ವಾರ ಮನೆಯಲ್ಲಿ ಎರಡೇ ಕೌದಿ ಉಳಿದವು. ಒಂದು ಮುದುಕಿಯದು, ಒಂದು ಬಸಲಿಂಗಪ್ಪನದು. ಅವನದು ದೊಡ್ಡದು, ಏಳೆಂಟು ಸೀರೆ ನುಂಗಿದ್ದು. ಅವನು ಹುಬ್ಬಳ್ಳಿಗೆ ಮಾಲು ತರಲು ಹೋದ ದಿನ ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿದರು. ಇಳಿಹೊತ್ತಿಗೆ ಅದೂ ಮುಗಿದಿತ್ತು.

ಮರುದಿನ ಮುಂಜಾನೆ ಬಸಲಿಂಗಪ್ಪ ಮೂಗು ಸೋರುತ್ತ ತಾಟಿನ ಮುಂದೆ ಕುಳಿತ. ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ.

“ರಾತ್ರೆಲ್ಲಾ ಆ ಜಾರೂ ಚಾದರದಾಗ ನಡಗಿ ಸತ್ತೆ,” ಅಂದ. “ನನ್ನ ಕೌದೀನೂ ಒಗ್ಯಾಕ ಹಾಕೀರೇನು? ಈ ಮನ್ಯಾಗ ಒಗದ ಕೌದಿ ತಿರಗಿ ಬರೂದ ಇಲ್ಲಲ್ಲ. ಹಳ್ಳಕ್ಕ ಹೊಕ್ಕಾವೋ ಏನ?”

ಚಂದ್ರವ್ವ ಹಿಟ್ಟು ನಾದುತ್ತಲೇ ಇದ್ದಳು.

“ಚಂದ್ರವ್ವಾ, ನಾ ನಿನ್ನ ಕೇಳಾಕತ್ತೇನಿ.”

ಚಂದ್ರವ್ವನ ಕೈಯಲ್ಲಿನ ಹಿಟ್ಟು ಕೈಯಲ್ಲೇ ಉಳಿಯಿತು. ಸಾತವ್ವ ಮಾವನ ಎದುರು ಯಾವತ್ತೂ ಬಂದವಳಲ್ಲ. ಬಾಗಿಲ ಹಿಂದೆ ನಿಂತು, ಸೆರಗು ಎಳೆದುಕೊಂಡು, ಬೇಕಾದ್ದನ್ನು ಅತ್ತೆಗೆ ಹೇಳಿ ಹೇಳಿಸುವುದು ರೂಢಿ. ಅವಳು ಹೊಸ್ತಿಲು ದಾಟಿ ಬಂದು ತಾಟಿನ ಎದುರು ನಿಂತಳು.

“ಬಿಚ್ಚಿ ಖಾನಾಪುರಕ್ಕ ಕೊಟ್ಟೇನ್ರಿ ಮಾವಾರ. ಆ ನಿರಾಶ್ರಿತ ಹೆಣ್ಣಮಕ್ಕಳಿಗೆ. ಮುಟ್ಟಿನ ಬಟ್ಟಿಗೆ.”

ಬಸಲಿಂಗಪ್ಪನ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. ಅವನು ಸೊಸೆಯನ್ನು ನೋಡಲಿಲ್ಲ, ಹೆಂಡತಿಯನ್ನು ನೋಡಲಿಲ್ಲ, ಉಳ್ಳಾಗಡ್ಡಿಯನ್ನು ನೋಡಿದ.

“ಉಣ್ಣೂವಾಗ... ಏನ ಮಾತಿದು?”

“ಉಣ್ಣೂವಾಗ ಬ್ಯಾಡ, ಮಲಗೂವಾಗ ಬ್ಯಾಡ, ಯಾವಾಗ ಆಡಬೇಕು ಅದನ್ನ?” ಈರಣ್ಣ ತಾಟು ದೂಡಿ ಎದ್ದ. “ನೀ ಕೊಟ್ಟ ಸೀರಿ ನೀರ ಹೀರೂದಿಲ್ಲ, ಅಪ್ಪಾ. ಅದರ ಬದ್ಲಿ ಗೋಣಿಚೀಲ ಕಟಕೊಂಡಾರ. ಕೀವಾಗಿ ಬಿದ್ದಾರ. ಹೋಗಿ ಫೋಟೊ ಹೊಡಸು ಈಗ!”

“ಏ, ಬಾಯಿ ಮುಚ್ಚ!”

“ರೀ, ನೀವು ಸುಮ್ಮನಿರ್ರಿ,” ಅಂದಳು ಸಾತವ್ವ. ದನಿ ಏರಿಸಲಿಲ್ಲ. “ಮಾವಾರ, ಬಟ್ಟಿ ಇನ್ನಾ ಬೇಕು. ಪೇಟಿಯಾಗ ಮೆತ್ತನ್ನ ಹತ್ತಿ ಬಟ್ಟಿ ಥಾನಗಟ್ಟಲೆ ಸಿಗತೈತಿ. ನೀವು ಕೇಳಿದ್ರ ವ್ಯಾಪಾರಸ್ಥರೆಲ್ಲಾ ಕೊಡತಾರ.”

“ಏನಂತ ಕೇಳಲಿ? ನಾಲ್ಕ ಮಂದಿಯಾಗ ನಿಂತು ಏನಂತ ಕೇಳಲಿ? ಪೇಪರಿನವರಿಗೆ ಏನಂತ ಬರಸಲಿ?” ಅವನ ದನಿ ಒಡೆಯಿತು. “ನಾ ಕೊಟ್ಟದ್ದು ಕೆಲಸಕ್ಕ ಬರಲಿಲ್ಲಂತ ಹೇಳಲಿ? ನನ್ನ ಹಾಸಿಗಿ ಹರದು, ಅದನ್ನ... ಅದಕ್ಕ ಕೊಟ್ಟು... ತವರಿಗೆ ಹೋಗವಾ ನೀ. ಬುದ್ಧಿ ಬರೂಮಟ ಅಲ್ಲೇ ಇರು.”

ಅವನು ಕೈ ತೊಳೆದು ಹೋದ. ತಾಟಿನಲ್ಲಿ ಅರ್ಧ ರೊಟ್ಟಿ ಉಳಿಯಿತು.

ಸಾತವ್ವ ಅತ್ತಳು, ಅತ್ತು ಮುಗಿಸಿ ಗಂಟು ಕಟ್ಟಿದಳು. ಅಂಗಳ ದಾಟುವಾಗ ಹಿಂದೆ ಕೋಲಿನ ಸದ್ದು ಕೇಳಿತು. ಬಸವಣ್ಣೆವ್ವ ತನ್ನ ಕೌದಿಯನ್ನು ಸುರುಳಿ ಸುತ್ತಿ ತಲೆಯ ಮೇಲಿಟ್ಟುಕೊಂಡು ಬರುತ್ತಿದ್ದಳು.

“ಆಯಿ, ನೀವೆಲ್ಲಿಗೆ?”

“ಲಿಂಗ ಇಲ್ಲದವರನ್ನ ನೋಡಾಕ. ನಡಿ ನಡಿ, ಗಾಡಿ ತಪ್ಪತೈತಿ.”

ರೈಲ್ವೆ ಗೇಟಿನ ಆಚೆ ಹೋಗದೆ ಅವಳಿಗೆ ಎಷ್ಟು ವರ್ಷಗಳಾಗಿದ್ದವೋ. ಗಾಡಿಯಲ್ಲಿ ಕಿಟಕಿಗೆ ಮುಖ ಕೊಟ್ಟು ಕುಳಿತಳು. ಹಸಿರು ಗದ್ದೆ, ಬಿಳಿ ಕೊಕ್ಕರೆ, ಮೋಡದ ನೆರಳು, ಎಲ್ಲವನ್ನೂ ಅವಳ ಮಂದ ಕಣ್ಣು ಒಂದೇ ಬಟ್ಟೆಯ ಬಣ್ಣಗಳ ಹಾಗೆ ನೋಡುತ್ತಿತ್ತು.

“ನನಗ ಮೊದಲ ಸಲ ಆದಾಗ,” ಅಂದಳು ಇದ್ದಕ್ಕಿದ್ದಂತೆ, ಬೋಗಿಯ ಅರ್ಧ ಮಂದಿಗೆ ಕೇಳುವಷ್ಟು ಜೋರಾಗಿ, “ಸಾಯತೀನಿ ಅಂದಕೊಂಡು ಕಣಜದಾಗ ಹೊಕ್ಕು ಕುಂತಿದ್ದೆ. ಯಾರೂ ಹೇಳಿರಲಿಲ್ಲ.”

“ಸಾವಕಾಶ ಆಯಿ.”

“ಕೇಳಲಿ. ಕೇಳಿದ್ರ ಕಿವಿ ಸವೀತಾವೇನು?”

ಶೆಡ್ಡಿನಲ್ಲಿ ಅವಳಿಗೆ ಮೊದಲು ಹೊಡೆದದ್ದು ವಾಸನೆ. ಕೊಟ್ಟ ತುಂಡುಗಳನ್ನು ಹೆಂಗಸರು ತೊಳೆಯುತ್ತಿದ್ದರು, ಆದರೆ ಗಂಡಸರ ಕಣ್ಣಿಗೆ ಬೀಳಬಾರದು ಎಂದು ಗೂಡುಗಳ ತಳದಲ್ಲಿ, ಗೋಣಿಯ ಕೆಳಗೆ, ಕತ್ತಲಲ್ಲಿ ಒಣಹಾಕುತ್ತಿದ್ದರು. ಅವು ಒಣಗುತ್ತಿರಲಿಲ್ಲ, ಮುಗ್ಗುತ್ತಿದ್ದವು. ಅದನ್ನೇ ಮತ್ತೆ ಕಟ್ಟಿಕೊಳ್ಳಬೇಕಿತ್ತು. ಇನ್ನಿಬ್ಬರಿಗೆ ಹುಣ್ಣಾಗಿತ್ತು.

“ಬಿಸಲಿಗೆ ಹಾಕ್ರಿ,” ಅಂದಳು ಬಸವಣ್ಣೆವ್ವ.

ಕಾಶವ್ವ ತಮಿಳಿನಲ್ಲಿ ಹೇಳಿದಳು. ಸೆಲ್ಲಾಯಿ ತಲೆ ಅಲ್ಲಾಡಿಸಿದಳು. ಗಂಡಸರ ಕಡೆ ಕೈ ತೋರಿಸಿದಳು.

“ಗಂಡಸರನ್ನ ಆ ಬಾಜು ಕಳಸೂಣು. ಇಲ್ಲಿ ನಾ ಕುಂದರತೀನಿ.”

ಮುದುಕಿ ಸೆಲ್ಲಾಯಿಯ ಎದುರು ತನ್ನ ಕೌದಿಯನ್ನು ಹಾಸಿ, ಮೊದಲ ಹೊಲಿಗೆಯನ್ನು ತಾನೇ ಕತ್ತರಿಸಿದಳು. ಉಳಿದದ್ದನ್ನು ಹತ್ತಾರು ಕೈಗಳು ಬಿಚ್ಚಿದವು. ಮರುದಿನ ದಸರೆಯ ಬಿಸಿಲು ಬಿತ್ತು, ಎಳೆ ತುಪ್ಪದಂಥ ಬಿಸಿಲು. ಭಟ್ಟಿಯ ಚಿಮಣಿಯಿಂದ ಮಾವಿನ ಮರದವರೆಗೆ ಹಗ್ಗ ಎಳೆದರು. ಹಗ್ಗದ ತುಂಬ ತುಂಡುಗಳು. ಗಾಳಿ ಬಂದಾಗ ಎಲ್ಲವೂ ಒಟ್ಟಿಗೆ ಉಸಿರೆಳೆದುಕೊಂಡು ಒಟ್ಟಿಗೆ ಬಿಡುತ್ತಿದ್ದವು. ಬಸವಣ್ಣೆವ್ವ ಒಡೆದ ಹೆಂಚಿನ ರಾಶಿಯ ಮೇಲೆ ಕೋಲು ಹಿಡಿದು ಕುಳಿತಳು. ಆ ಕಡೆ ಸುಳಿದ ಕಾರಕೂನನಿಗೆ, “ಏನ ನೋಡತಿ? ನಿಮ್ಮವ್ವಗ ಇರಲಿಲ್ಲೇನು?” ಎಂದು ಕೇಳಿದಳು. ಅವನು ಖೋಕಾದ ಕೀಲಿಯನ್ನು ಕಾಶವ್ವನ ಕೈಗೆ ಕೊಟ್ಟು ಹೋದ, ಆಮೇಲೆ ಸುಳಿಯಲಿಲ್ಲ.

ಟಿಳಕವಾಡಿಯ ಮನೆಯಲ್ಲಿ ಊಟದ ಹೊತ್ತಿಗೆ ರೊಟ್ಟಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಬಸಲಿಂಗಪ್ಪ ಉಪ್ಪು ಕೇಳಿದರೆ ಚಂದ್ರವ್ವ ಉಪ್ಪಿನ ಬಟ್ಟಲು ಇಟ್ಟು ಹೋಗುತ್ತಿದ್ದಳು. ಮಗ ಅಂಗಡಿಗೆ ಬರುವುದನ್ನು ಬಿಟ್ಟು ಅಂಗಳದಲ್ಲಿ ಸೈಕಲ್ಲು ಬಿಚ್ಚಿ ಜೋಡಿಸುತ್ತ ಕೂರುತ್ತಿದ್ದ.

“ನಿಮ್ಮವ್ವನ್ನರ ಕರಕೊಂಡ ಬರ್ರಿ,” ಎಂದು ಒಂದು ದಿನ ಚಂದ್ರವ್ವ ಗೋಡೆಗೆ ಹೇಳಿದಳು. “ಹಾಸಿಗಿ ಇಲ್ಲದ ಹೋಗ್ಯಾಳ.”

ಅವನು ಈರಣ್ಣನನ್ನು ಕರೆದುಕೊಂಡು ಹೊರಟ. ಕಾರ್ಖಾನೆಯ ಗೇಟಿನೊಳಗೆ ಕಾಲಿಟ್ಟವನು ಹಗ್ಗವನ್ನು ಕಂಡು ನಿಂತುಬಿಟ್ಟ. ತಿರುಗಿ ಹೋಗಬೇಕೋ, ಕಣ್ಣು ಮುಚ್ಚಬೇಕೋ ತಿಳಿಯದೆ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ.

“ಯವ್ವಾ, ನಡಿ ಮನಿಗೆ.”

“ಇವು ಒಣಗಲಿ.”

“ಮಂದಿ ನೋಡಿದ್ರ ಏನಂದಾರು?”

“ನೀ ಹುಟ್ಟಿದಾಗ ನಿನ್ನ ಇಂಥಾದ ತುಂಡಿನ್ಯಾಗ ಸುತ್ತಿದ್ದೆ, ಬಸ್ಯಾ. ಆವಾಗ ಏನೂ ಅನ್ನಲಿಲ್ಲ ನೀ. ಅಳತಿದ್ದಿ ಅಷ್ಟ.”

ಶೆಡ್ಡಿನ ಬಾಗಿಲಲ್ಲಿ ಹೆಂಗಸರು ಬಂದು ನಿಂತರು. ಹೂವಿನ ಸೀರೆಗಳು. ಮುಂದೆ ಸಾತವ್ವ, ಅವಳ ಪಕ್ಕ ತನ್ನ ಕಾಲ ಮೇಲೆ ತಾನು ನಿಂತ ವಳ್ಳಿ. ಆಗ ಗಾಳಿ ಎದ್ದಿತು. ಹಗ್ಗದಿಂದ ಒಂದು ತುಂಡು ಕಳಚಿ, ಅವಸರವಿಲ್ಲದೆ ತೇಲಿ, ಬಸಲಿಂಗಪ್ಪನ ಪಾದದ ಹತ್ತಿರ ಕೆಂಪು ಮಣ್ಣಿಗೆ ಇಳಿಯಿತು. ವಳ್ಳಿ ಎರಡು ಹೆಜ್ಜೆ ಓಡಿ ಬಂದು, ಗಂಡಸರನ್ನು ಕಂಡು ನಿಂತಳು.

“ಎತ್ತ ಈರ್ಯಾ,” ಅಂದ ಬಸಲಿಂಗಪ್ಪ ಮೆಲ್ಲಗೆ.

ಈರಣ್ಣ ಬಗ್ಗಿದ. ಬಟ್ಟೆಯಿಂದ ಒಂದು ಗೇಣು ಮೇಲೆ ಅವನ ಕೈ ನಿಂತಿತು. ತೊಳೆದು ಬಿಳಿಚಿದ ತುಂಡಿನ ನಡುವೆ ಹೋಗದೆ ಉಳಿದ ಕಂದು ನೆರಳು ಇತ್ತು. ಊರಿಗೆಲ್ಲ ಕೇಳುವಂತೆ ಹೇಳುತ್ತೇನೆ ಅಂದವನ ಕೈ ಮುಂದೆ ಹೋಗಲಿಲ್ಲ. ಕಿವಿ ಕೆಂಪಾದವು. ಸಾತವ್ವ ಅದನ್ನು ನೋಡಿದಳು, ನೋಡಿ ಮುಖ ತಿರುಗಿಸಿದಳು.

ಬಸಲಿಂಗಪ್ಪ ಮಗನ ಹೆಗಲು ಹಿಡಿದು ಬದಿಗೆ ಸರಿಸಿದ. ಮೊಣಕಾಲಿಗೆ ಕೈ ಊರಿ, ನರಳಿ, ಬಗ್ಗಿ, ಬಟ್ಟೆಯನ್ನು ಎತ್ತಿಕೊಂಡ. ಎತ್ತಿದ ಕೂಡಲೇ ಅವನ ಹೆಬ್ಬೆರಳೂ ತೋರುಬೆರಳೂ ತಮ್ಮಷ್ಟಕ್ಕೆ ತಾವೇ ಅದನ್ನು ಉಜ್ಜಿ ನೋಡಿದವು. ಆಯುಷ್ಯವಿಡೀ ಬಟ್ಟೆ ಉಜ್ಜಿ ಬೆಲೆ ಹೇಳಿದ ಬೆರಳುಗಳು.

“ಶಾಪುರ ಮಗ್ಗದ್ದು,” ಅಂದ, ಯಾರಿಗೆಂದಿಲ್ಲದೆ. “ಇಂಥಾ ನೇಗಿ ಈಗ ಎಲ್ಲೈತಿ?”

ಮಣ್ಣು ಝಾಡಿಸಿದ. ಅಂಚು ಹಿಡಿದು ಬಿಸಿಲಿಗೆ ಚಾಚಿ ನೋಡಿದ. ಮತ್ತೊಮ್ಮೆ ಉಜ್ಜಿದ.

“ಇನ್ನಾ ಹಸಿ ಐತಿ,” ಎಂದು ಹಗ್ಗದ ಹತ್ತಿರ ನಡೆದು, ಎರಡೂ ಮೂಲೆ ಎಳೆದು, ಸುಕ್ಕು ಬಿಡಿಸಿ, ಅಂಗಡಿಯ ಮುಂದೆ ಒಳ್ಳೆಯ ಮಾಲು ತೂಗುಹಾಕುವ ಹಾಗೆ ಅದನ್ನು ಬಿಸಿಲಿಗೆ ಹಾಕಿದ.